ಜೆಸಿಬಿ ನಿಲ್ಲಿಸಿ, ನೆಲ ನೋಡಿ

ತೆಂಗಿನ ಸಸಿಗೆ ಗುಂಡಿ ತೆಗೆದವರಿಗೆ ಇದು ಗೊತ್ತು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿಯಿಂದ ತೆಗೆದ ಮಣ್ಣನ್ನು ವಾಪಸ್ ಅದರೊಳಗೇ ತುಂಬಿ, ಮೇಲೆ ನಿಂತು ತುಳಿದರೂ ಒಂದಷ್ಟು ಬಾಂಡ್ಲಿ ಮಣ್ಣು ಗುಪ್ಪೆಯಾಗಿ ಉಳಿಯುತ್ತದೆ. ಒಂದೆರಡು ಮಳೆಗಾಲ ಕಳೆಯಲಿ, ಗುಪ್ಪೆ ಹೋಗಿ ಅದೇ ಜಾಗ ತಟ್ಟೆಯ ಹಾಗೆ ತಗ್ಗಿ ನೀರು ನಿಲ್ಲತೊಡಗುತ್ತದೆ. ಕೆಳಗಿದ್ದ ಸುದ್ದೆ ಮಣ್ಣು ಮೇಲೆ ಬಂದಿರುತ್ತದೆ, ಮೇಲಿದ್ದ ಗೊಬ್ಬರದ ಮಣ್ಣು ಕೆಳಗೆ ಸೇರಿರುತ್ತದೆ. ಹುಲ್ಲಿನ ಬಣ್ಣವೂ ಸುತ್ತಲಿನದಕ್ಕೆ ಹೊಂದುವುದಿಲ್ಲ. ಸಸಿ ಸತ್ತು, ಜಾಗ ಮರೆತು, ಹತ್ತು ವರ್ಷವಾದ ಮೇಲೆ ಅಲ್ಲಿ ಹಾರೆ ಊರಿದರೂ ಪಕ್ಕದ ಗಟ್ಟಿ ನೆಲಕ್ಕಿಂತ ಸಲೀಸಾಗಿ ಇಳಿಯುತ್ತದೆ.

ಹೂತುಹೋದ ಮನುಷ್ಯನ ಅವಶೇಷ ಹುಡುಕುವ ವಿಜ್ಞಾನದ ಮುಕ್ಕಾಲು ಪಾಲು ಇಷ್ಟೇ. ಒಮ್ಮೆ ಕಡಿದ ನೆಲ ಮತ್ತೆ ಮೊದಲಿನಂತೆ ಕೂಡುವುದಿಲ್ಲ. ರೇಡಾರ್, ಡ್ರೋನ್, ತರಬೇತಿ ಪಡೆದ ನಾಯಿ ಎಲ್ಲವೂ ಈ ಒಂದು ಸಂಗತಿಯ ಬೆನ್ನು ಹತ್ತಿಯೇ ಹೋಗುತ್ತವೆ. ಅಗೆಯುವ ಸರದಿ ಬರುವುದು ಕಟ್ಟಕಡೆಗೆ. ಆದರೆ ನಮ್ಮಲ್ಲಿ ಮೊದಲು ಬರುವುದೇ ಜೆಸಿಬಿ.

ನಮ್ಮ ಹಾಸನ ಜಿಲ್ಲೆಯ ಶಾಂತಿಗ್ರಾಮದ ಕಡೆ ಪರಿಚಯದವರೊಬ್ಬರು ಮನೆಗೆ ಪಾಯ ತೆಗೆಸುತ್ತಿದ್ದಾಗ ನಾನೇ ಕಂಡದ್ದು ಹೇಳುತ್ತೇನೆ. ಬಕೆಟ್ ಮೂರನೇ ಸಲ ಮೇಲೆದ್ದಾಗ ಮಣ್ಣಿನ ಜೊತೆ ಉದ್ದನೆಯದೊಂದು ಮೂಳೆ, ಹಿಂದೆಯೇ ಬುರುಡೆಯ ಚೂರು. ಡ್ರೈವರ್ ಗಾಡಿ ಆಫ್ ಮಾಡಿ ಇಳಿದುಬಿಟ್ಟ. ಐದು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ಒಬ್ಬರು ನಿಂಬೆಹಣ್ಣು ತಂದರು, ಇನ್ನೊಬ್ಬರು ಮೂಳೆಗಳನ್ನು ಗೋಣಿಚೀಲಕ್ಕೆ ತುಂಬಿ ಕೆರೆಗೆ ಹಾಕಿಬರೋಣ ಅಂದರು. ಮಗದೊಬ್ಬರು ಫೋಟೊ ತೆಗೆದು ಗ್ರೂಪಿಗೆ ಹಾಕಿ ಆಗಿತ್ತು. ಪೊಲೀಸರು ಬರುವ ಹೊತ್ತಿಗೆ ಗುಂಡಿಯ ಅಂಚು ಕುಸಿದು, ಯಾವ ಮೂಳೆ ಎಲ್ಲಿತ್ತು, ಯಾವ ದಿಕ್ಕಿಗೆ ತಲೆ ಇತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದರ ಕಥೆ ಕೊನೆಗೆ ಏನಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮಾಡಬೇಕಾದದ್ದು

ಮೂಳೆ ಕಂಡರೆ ಯಂತ್ರ ನಿಲ್ಲಿಸಿ. ಬಕೆಟ್ಟಿನಲ್ಲಿ ಇರುವುದನ್ನು ಸುರಿಯಬೇಡಿ, ಹಾಗೇ ಇರಲಿ. ಈಗಾಗಲೇ ಸುರಿದ ಗುಡ್ಡೆಯನ್ನೂ ಮುಟ್ಟಬೇಡಿ. ಹಲ್ಲು, ಗುಂಡಿ, ಉಂಗುರದಂಥ ಸಣ್ಣ ವಸ್ತುಗಳು ಅದರಲ್ಲೇ ಇರುತ್ತವೆ. ಮೊಬೈಲಿನಲ್ಲಿ ದೂರದಿಂದೊಂದು, ಹತ್ತಿರದಿಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಹಾರೆಯನ್ನೋ ಸ್ಕೇಲನ್ನೋ ಇಡಿ. ಗ್ರೂಪಿಗೆ ಹಾಕಬೇಡಿ. 112ಕ್ಕೆ ಕರೆ ಮಾಡಿ. ಕೊಲೆಯಂಥ ಗಂಭೀರ ಅಪರಾಧದ ಸುಳಿವು ಸಿಕ್ಕವರು ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮು ಹೇಳುತ್ತದೆ. ಗೊತ್ತಿದ್ದೂ ಸಾಕ್ಷ್ಯ ಮರೆಮಾಚಿದರೆ ನ್ಯಾಯ ಸಂಹಿತೆಯ 238ನೇ ಕಲಮು ಇದೆ. ಒಳ್ಳೆಯ ಮನಸ್ಸಿನಿಂದಲೇ ಮೂಳೆಯನ್ನು ಕೆರೆಗೆ ಹಾಕಿದವರು ಕೂಡ ಠಾಣೆಯಲ್ಲಿ ಕೂತು ಉತ್ತರ ಹೇಳಬೇಕಾಗುತ್ತದೆ.

ಕೆಲಸ ನಿಂತರೆ ಜೆಸಿಬಿಯ ಗಂಟೆ ಬಾಡಿಗೆ ದಂಡ ಎಂಬ ಲೆಕ್ಕ ಎಲ್ಲರಿಗೂ ಇರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ದಿನ ನಿಂತ ಕೆಲಸ ಮಾರನೇ ದಿನ ನಡೆದೀತು. ಕಲಸಿಹೋದ ಗುಂಡಿಯನ್ನು ಮೊದಲಿನಂತೆ ಜೋಡಿಸಲು ಯಾರಿಂದಲೂ ಆಗದು.

ಮೂಳೆ ಸಿಕ್ಕ ಕೂಡಲೇ ಕೊಲೆ ಎಂದುಕೊಳ್ಳಬೇಕಾಗಿಯೂ ಇಲ್ಲ. ಮೊದಲ ಪ್ರಶ್ನೆ, ಅದು ಮನುಷ್ಯನದೇ? ದನ, ಕುರಿ, ನಾಯಿಯ ಮೂಳೆಗಳು ನಮ್ಮ ನೆಲದಲ್ಲಿ ಹೆಜ್ಜೆಗೊಂದು ಸಿಗುತ್ತವೆ. ಕರಡಿಯ ಪಂಜದ ಮೂಳೆ ಮನುಷ್ಯನ ಕೈಯನ್ನೇ ಹೋಲುತ್ತದೆ, ವೈದ್ಯರೂ ಒಮ್ಮೊಮ್ಮೆ ಎಡವುತ್ತಾರೆ. ಎಳೆಯ ಮಕ್ಕಳ ಮೂಳೆಯ ತುದಿಗಳು ಇನ್ನೂ ಕೂಡಿರುವುದಿಲ್ಲವಾದ್ದರಿಂದ ಸಣ್ಣ ಪ್ರಾಣಿಯ ಮೂಳೆಯೆಂದು ಬಿಸಾಡುವ ಅಪಾಯವೂ ಉಂಟು. ಇದನ್ನು ತೀರ್ಮಾನಿಸಬೇಕಾದವರು ವೈದ್ಯಕೀಯ ಕಾಲೇಜಿನ ವಿಧಿವಿಜ್ಞಾನ ವಿಭಾಗದವರು.

ಎರಡನೆಯದು, ಎಷ್ಟು ಹಳೆಯದು? ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಶಾಂತಿಗ್ರಾಮ ಹೊಯ್ಸಳ ರಾಣಿ ಶಾಂತಲೆಯ ಹೆಸರು ಹೊತ್ತ ಊರು, ಎಂಟುನೂರು ವರ್ಷಕ್ಕೂ ಮಿಕ್ಕಿ ಜನ ಬದುಕಿ ಸತ್ತ ನೆಲ. ಕರ್ನಾಟಕದಲ್ಲಿ ಅದಕ್ಕೂ ಸಾವಿರಾರು ವರ್ಷ ಹಿಂದಿನ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದದ್ದು ಅಂಥವನ್ನೇ. ಮೂಳೆಯ ಜೊತೆ ಕಪ್ಪು-ಕೆಂಪು ಮಡಕೆ, ನಿಲ್ಲಿಸಿದ ಕಲ್ಲುಚಪ್ಪಡಿ ಕಂಡರೆ ಪೊಲೀಸರ ಜೊತೆ ಪುರಾತತ್ವ ಇಲಾಖೆಗೂ ಸುದ್ದಿ ಹೋಗಬೇಕು. ಇನ್ನು ನಮ್ಮ ಕಡೆ ಸ್ವಂತ ಹೊಲದಲ್ಲೇ ಮಣ್ಣು ಮಾಡುವ ಪದ್ಧತಿ ಹೊಸದಲ್ಲ. ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುತ್ತಾರೆ, ಹಾಗಾಗಿ ಕಾಲು ಮಡಚಿ ಕುಳಿತ ಅಸ್ಥಿಪಂಜರ ಸಿಕ್ಕರೆ ಗಾಬರಿಗೆ ಕಾರಣವಿಲ್ಲ. ಮುಸಲ್ಮಾನರ ಗೋರಿಯಲ್ಲಿ ಮುಖ ಕಿಬ್ಲಾದ, ಅಂದರೆ ಮೆಕ್ಕಾದ, ಕಡೆಗೆ ತಿರುಗಿರುತ್ತದೆ. ಯಾವ ಸಮುದಾಯದ್ದಾದರೂ ಮರ್ಯಾದೆಯಿಂದ ಮಣ್ಣು ಮಾಡಿದ ಗುಂಡಿಗೆ ಒಂದು ಅಳತೆ, ಒಂದು ದಿಕ್ಕು ಇರುತ್ತದೆ. ಗುಟ್ಟಾಗಿ ಹೂತದ್ದರಲ್ಲಿ ಅವು ಕಾಣಸಿಗುವುದು ಕಡಿಮೆ. ಅವಸರದಲ್ಲಿ ತೆಗೆದ ಗುಂಡಿ ಚಿಕ್ಕದು, ಬಹುಮಟ್ಟಿಗೆ ಮೂರಡಿಯೊಳಗಿನದು. ದೇಹವನ್ನು ಅದಕ್ಕೆ ಹೊಂದುವಂತೆ ಮಡಚಿ ತುರುಕಿರುತ್ತಾರೆ. ಅದಕ್ಕೇ ಮೂಳೆಗಳು ಇದ್ದ ಭಂಗಿ ಅಷ್ಟು ಮುಖ್ಯ. ಬಕೆಟ್ಟು ಮೊದಲು ಹಾಳುಮಾಡುವುದೂ ಅದನ್ನೇ.

ಹೇಮಾವತಿ ಹಿನ್ನೀರಿನ ಕಡೆಯವರಿಗೂ ಒಂದು ಮಾತು. ಗೊರೂರು ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ್ದು ಶೆಟ್ಟಿಹಳ್ಳಿಯ ಇಗರ್ಜಿ ಒಂದೇ ಅಲ್ಲ. ಊರು ಮುಳುಗಿದಾಗ ಊರಿನ ಸ್ಮಶಾನವೂ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ದಡದಲ್ಲಿ ಮೂಳೆ ಕಂಡರೆ ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ತಿಳಿಸುವುದನ್ನಂತೂ ಬಿಡಬೇಡಿ.

ನೆಲ ಓದುವವರು

ತನಿಖೆಯವರು ಇನ್ನೂ ಸಿಗದ ದೇಹವನ್ನು ಹುಡುಕುವುದು ಬೇರೆಯೇ ಕಷ್ಟ. ಅಲ್ಲಿ ಜಾಗವೇ ಗೊತ್ತಿರುವುದಿಲ್ಲ. ಹಾಗಾಗಿ ಮೊದಲ ಸುತ್ತು ನಡೆಯುವುದು ಕಾಗದದ ಮೇಲೆ. ಹಳೆಯ ಉಪಗ್ರಹ ಚಿತ್ರ, ಪಹಣಿ, ಆ ವರ್ಷ ಆ ಹೊಲದಲ್ಲಿ ಏನು ಬೆಳೆ ಇತ್ತು, ಗಾಡಿ ಎಲ್ಲಿಯವರೆಗೆ ಹೋಗುತ್ತಿತ್ತು, ಇವೆಲ್ಲ ಬೇಕು. ಹೆಣ ಹೊತ್ತು ಬಹುದೂರ ನಡೆಯುವುದು ಯಾರಿಗೂ ಸುಲಭವಲ್ಲ. ರಸ್ತೆಯಿಂದ ಇಳಿಜಾರಿನ ಕಡೆಗೆ, ಮೃದು ಮಣ್ಣಿರುವ ಕಡೆಗೆ, ಮರೆಯಿದ್ದೂ ತಾನು ಮತ್ತೆ ಗುರುತಿಸಬಹುದಾದ ಮರವೋ ಬಂಡೆಯೋ ಇರುವ ಕಡೆಗೆ ಮನುಷ್ಯ ಹೋಗುತ್ತಾನೆ. ಬ್ರಿಟನ್ನಿನ ಹುಡುಕಾಟ ತಜ್ಞರು ಇದನ್ನೇ ಒಂದು ವಿಧಾನವಾಗಿ ಬೆಳೆಸಿದ್ದಾರೆ. ಉತ್ತರ ಐರ್ಲೆಂಡಿನಲ್ಲಿ ಬಚ್ಚಿಟ್ಟ ಬಂದೂಕುಗಳನ್ನು ಸೈನಿಕರು ಹುಡುಕಿದ ಅನುಭವದಿಂದ ಬಂದದ್ದು ಅದು. ಬಚ್ಚಿಟ್ಟವನಿಗೆ ಗುರುತು ಬೇಕು, ಆ ಗುರುತು ನಿಮಗೂ ಕಾಣುತ್ತದೆ.

ಆಮೇಲೆ ಕಾಲ್ನಡಿಗೆ. ಒಂದು ತೋಳಿನ ಅಂತರದಲ್ಲಿ ಸಾಲಾಗಿ ನಿಂತು ಜನ ನಿಧಾನಕ್ಕೆ ನಡೆಯುತ್ತಾರೆ, ಅನುಮಾನ ಬಂದಲ್ಲಿ ಪುಟ್ಟ ಬಾವುಟ ನೆಡುತ್ತಾರೆ. ಬೆಳಗ್ಗೆ ಮತ್ತು ಸಂಜೆ ಓರೆ ಬಿಸಿಲಿನಲ್ಲಿ ನೋಡಿದರೆ ತಗ್ಗಿನ ನೆರಳು ಎದ್ದು ಕಾಣುತ್ತದೆ, ಮಧ್ಯಾಹ್ನ ಏನೂ ಕಾಣದು. ಗುಂಡಿಯ ದೊಡ್ಡ ತಗ್ಗಿನೊಳಗೆ ಇನ್ನೊಂದು ಚಿಕ್ಕ ತಗ್ಗು ಇದ್ದರೆ ಅದಕ್ಕೆ ಅರ್ಥವಿದೆ, ದೇಹದ ಹೊಟ್ಟೆ ಎದೆ ಕುಸಿದಾಗ ಮೇಲಿನ ಮಣ್ಣು ಎರಡನೇ ಸಲ ಇಳಿಯುತ್ತದೆ. ಗಿಡಗಳೂ ಸುಳಿವು ಕೊಡುತ್ತವೆ. ಮೊದಲ ವರ್ಷ ಅಲ್ಲಿ ಕಾಂಗ್ರೆಸ್ ಗಿಡದಂಥ ಪುಂಡು ಕಳೆ ಮುಂಚೆ ಏಳುತ್ತದೆ. ಆಮೇಲೆ ಕೊಳೆತದ್ದರ ಸಾರಕ್ಕೆ ಹುಲ್ಲು ಹಚ್ಚಗೆ ಬರಬಹುದು, ಇಲ್ಲವೇ ಸುದ್ದೆ ಮೇಲೆ ಬಂದಿದ್ದರೆ ಸೊರಗಬಹುದು. ಸುತ್ತಲಿನದಕ್ಕೆ ಹೊಂದದಿರುವುದೇ ಸುಳಿವು, ಹಚ್ಚಗಿದೆಯೋ ಒಣಗಿದೆಯೋ ಎಂಬುದು ಮುಖ್ಯವಲ್ಲ.

ನಮ್ಮ ಕಡೆ ಇದರಲ್ಲಿ ಒಂದು ತಮಾಷೆಯ ತೊಡಕಿದೆ. ಹಳೆಯ ಗುಡಿಗಳ ಸುತ್ತ, ವೀರಗಲ್ಲುಗಳ ಬುಡದಲ್ಲಿ ಅಗೆದು ಮುಚ್ಚಿದ ಗುಂಡಿ ಕಂಡರೆ ಅದು ನಿಧಿಗಳ್ಳರ ಕೈವಾಡವೂ ಆಗಿರಬಹುದು. ಅಲ್ಲಿ ನಿಂಬೆಹಣ್ಣು, ಕುಂಕುಮ ಸಿಗುತ್ತದೆ, ಅವರಿಗೆ ನಿಧಿ ಮಾತ್ರ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಹಾರೆಯ ತಮ್ಮನಂತಿರುವ ಸಲಾಕೆ ಮೂರನೇ ಸಾಧನ. ತುದಿ ಮೊಂಡಾದ, ಅಡ್ಡಹಿಡಿ ಇರುವ ತೆಳ್ಳನೆ ಉಕ್ಕಿನ ಕಂಬಿಯನ್ನು ಅಡಿಗೊಂದರಂತೆ ಊರುತ್ತಾ ಹೋಗುತ್ತಾರೆ. ಗಟ್ಟಿ, ಗಟ್ಟಿ, ಗಟ್ಟಿ, ಮೆತ್ತಗೆ ಎಂದು ಅಂಗೈಗೇ ಗೊತ್ತಾಗುತ್ತದೆ. ಮೆತ್ತಗಿದ್ದ ಚುಕ್ಕೆಗಳನ್ನು ಗುರುತು ಹಾಕಿದರೆ ಗುಂಡಿಯ ಆಕಾರವೇ ನೆಲದ ಮೇಲೆ ಮೂಡುತ್ತದೆ. ಆಳಕ್ಕೆ ತಳ್ಳಿ ದೇಹವನ್ನೇ ಚುಚ್ಚದಂತೆ ಎಚ್ಚರ ಬೇಕು. ಮೂಳೆಯ ಮೇಲೆ ಸಲಾಕೆ ಮಾಡಿದ ತೂತು ಮುಂದೆ ಗಾಯವೆಂದು ಓದಲ್ಪಟ್ಟೀತು.

ನಾಯಿ ಬರುವುದು ಸಲಾಕೆಯ ನಂತರವಾದರೆ ಒಳ್ಳೆಯದು, ಆ ತೂತುಗಳಿಂದ ವಾಸನೆ ಮೇಲೆ ಬರುತ್ತದೆ. ಕಳ್ಳರನ್ನು ಹಿಡಿಯುವ ನಾಯಿ ಬೇರೆ, ಶವ ಹುಡುಕುವ ನಾಯಿ ಬೇರೆ. 2024ರ ಜುಲೈ 30ರಂದು ವಯನಾಡಿನ ಚೂರಲ್ಮಲದಲ್ಲಿ ಗುಡ್ಡ ಕುಸಿದಾಗ ಕೇರಳ ಪೊಲೀಸರ ಮಾಯಾ, ಮರ್ಫಿ ಎಂಬ ಎರಡು ನಾಯಿಗಳು ಕೆಸರಿನಡಿಯ ದೇಹಗಳನ್ನು ತೋರಿಸಿಕೊಟ್ಟಿದ್ದವು. ತೇವವಿರುವ, ತಂಪಾದ, ಸಣ್ಣ ಗಾಳಿಯಾಡುವ ಮುಂಜಾನೆ ಅವಕ್ಕೆ ಹೇಳಿಮಾಡಿಸಿದ ಹೊತ್ತು. ಇಳಿಜಾರಿನಲ್ಲಿ ಒಂದು ಎಚ್ಚರ ಬೇಕು. ನೀರು ವಾಸನೆಯನ್ನು ಕೆಳಗೆ ಒಯ್ಯುತ್ತದೆ, ನಾಯಿ ಕೂತ ಜಾಗದಿಂದ ಮೇಲ್ಮುಖವಾಗಿಯೂ ನೋಡಬೇಕು.

ರೇಡಾರಿಗೆ ಕಾಣುವುದೆಷ್ಟು

ಟೀವಿ ನೋಡಿದವರಿಗೆ ನೆಲದ ರೇಡಾರ್ ಅಂದರೆ ಮಣ್ಣಿನೊಳಗಿನ ಎಕ್ಸ್‌ರೇ ಎಂಬ ಕಲ್ಪನೆ ಇದೆ. ಅದು ತಪ್ಪು. ರೇಡಿಯೊ ಅಲೆಯನ್ನು ನೆಲದೊಳಕ್ಕೆ ಬಿಟ್ಟು ಮರಳಿ ಬರುವ ಪ್ರತಿಫಲನವನ್ನು ಅದು ಗೆರೆಗಳಾಗಿ ತೋರಿಸುತ್ತದೆ. ಒಂದು ಪದರದಿಂದ ಇನ್ನೊಂದು ಪದರಕ್ಕೆ ಹೋಗುವಲ್ಲಿ, ಗುಂಡಿಯ ಅಂಚಿನಲ್ಲಿ, ಟೊಳ್ಳಿನಲ್ಲಿ ಗೆರೆ ಬಾಗುತ್ತದೆ. ಮರದ ಬೇರು, ಬಂಡೆ, ಹೆಗ್ಗಣದ ಬಿಲ, ನೀರಿನ ಪೈಪು ಕೂಡ ಗೆರೆಯನ್ನು ಹಾಗೇ ಬಾಗಿಸುತ್ತವೆ. ಒಣ ಮರಳಿನಲ್ಲಿ ರೇಡಾರ್ ಚೆನ್ನಾಗಿ ನೋಡುತ್ತದೆ. ಒದ್ದೆ ಜೇಡಿಯಲ್ಲಿ ಅಲೆ ಅಡಿ ಎರಡಡಿಯಲ್ಲೇ ಸತ್ತುಹೋಗುತ್ತದೆ. ಚನ್ನರಾಯಪಟ್ಟಣದ ಮರಳು ಬೆರೆತ ಕೆಮ್ಮಣ್ಣಿನಲ್ಲಿ ಮಾರ್ಚ್ ತಿಂಗಳಲ್ಲಿ ಸಿಗುವ ಚಿತ್ರಕ್ಕೂ ಅರಕಲಗೂಡಿನ ಗದ್ದೆ ಬಯಲಿನಲ್ಲಿ ಆಗಸ್ಟಿನಲ್ಲಿ ಸಿಗುವ ಚಿತ್ರಕ್ಕೂ ಹೋಲಿಕೆಯೇ ಇರಲಾರದು.

ನೆಲದ ವಿದ್ಯುತ್ ರೋಧ ಅಳೆಯುವ ಉಪಕರಣ ಇನ್ನೊಂದು. ಬೋರ್‌ವೆಲ್ ಪಾಯಿಂಟ್ ಮಾಡುವವರು ಹೊಲದಲ್ಲಿ ಕಂಬಿ ಊರಿ ವೈರು ಎಳೆಯುವುದನ್ನು ನೋಡಿದ್ದೀರಲ್ಲ, ಅದೇ ತತ್ವ. ಸಡಿಲ ಮಣ್ಣು ತೇವ ಹಿಡಿಯುತ್ತದೆ, ಕೊಳೆತ ದ್ರವದಲ್ಲಿ ಲವಣವಿರುತ್ತದೆ, ವಿದ್ಯುತ್ ಅಲ್ಲಿ ಸುಲಭವಾಗಿ ಹರಿಯುತ್ತದೆ. ಹೆಣ ಹೂಳುವಾಗ ಉಪ್ಪು ಸುರಿಯುವ ನಮ್ಮ ಪದ್ಧತಿ ಅದಕ್ಕೆ ಇನ್ನಷ್ಟು ಅನುಕೂಲ. ಡ್ರೋನಿನ ಉಷ್ಣ ಕ್ಯಾಮೆರಾ, ಎಲೆಗಳ ಕೆಳಗಿನ ನೆಲದ ಏರಿಳಿತ ತೋರಿಸುವ ಲೈಡಾರ್ ಇವೂ ಇವೆ. ಎಲ್ಲವೂ ಹೇಳುವುದು 'ಇಲ್ಲಿ ನೆಲ ಬೇರೆ ಥರ ಇದೆ' ಎಂಬುದನ್ನು ಮಾತ್ರ. ಮೂಳೆ ಇದೆಯೆಂದು ಯಾವ ಯಂತ್ರವೂ ಹೇಳುವುದಿಲ್ಲ.

ಇದನ್ನೆಲ್ಲ ಪರೀಕ್ಷಿಸಿದ್ದು ಹಂದಿಗಳ ಮೇಲೆ. ಅಮೆರಿಕದ ಕೊಲೊರಾಡೊದಲ್ಲಿ 1980ರ ದಶಕದ ಕೊನೆಯಲ್ಲಿ ಪೊಲೀಸರು, ಭೂವಿಜ್ಞಾನಿಗಳು, ಸಸ್ಯವಿಜ್ಞಾನಿಗಳು ಸೇರಿ ಸತ್ತ ಹಂದಿಗಳನ್ನು ಹೂತು, ವರ್ಷಗಟ್ಟಲೆ ಎಲ್ಲ ಉಪಕರಣಗಳನ್ನೂ ಅವುಗಳ ಮೇಲೆ ಓಡಿಸಿ ನೋಡಿದರು. ಅದಕ್ಕೂ ಮುಂಚೆ, 1981ರಲ್ಲಿ, ಟೆನೆಸ್ಸಿಯಲ್ಲಿ ವಿಲಿಯಂ ಬಾಸ್ ಎಂಬ ಪ್ರಾಧ್ಯಾಪಕರು ದಾನವಾಗಿ ಬಂದ ಮನುಷ್ಯ ದೇಹಗಳು ಬಯಲಲ್ಲಿ ಹೇಗೆ ಕೊಳೆಯುತ್ತವೆಂದು ಗಮನಿಸಲು ಒಂದು ಆವರಣವನ್ನೇ ಶುರುಮಾಡಿದ್ದರು. ಬಯಲಲ್ಲಿ ಒಂದು ವಾರದಲ್ಲಿ ಆಗುವಷ್ಟು ಕೊಳೆತಕ್ಕೆ ನೀರಿನಲ್ಲಿ ಎರಡು ವಾರ, ಮಣ್ಣಿನೊಳಗೆ ಎಂಟು ವಾರ ಬೇಕೆಂಬುದು ವಿಧಿವಿಜ್ಞಾನದ ಹಳೆಯ ಲೆಕ್ಕ. ಲೆಕ್ಕ ಒರಟು, ಆದರೂ ಆಳಕ್ಕೆ ಹೂತದ್ದು ನಾವಂದುಕೊಂಡದ್ದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ನಿಜ. ಸುಣ್ಣ ಸುರಿದರೆ ದೇಹ ಕರಗಿಹೋಗುತ್ತದೆ ಎಂಬ ನಂಬಿಕೆಯೂ ಹುಸಿ, ಸುಣ್ಣ ಕೊಳೆಯುವುದನ್ನು ತಡಮಾಡುತ್ತದೆ. ಮೂಳೆಯನ್ನು ನಿಜಕ್ಕೂ ತಿನ್ನುವುದು ಹುಳಿ ಮಣ್ಣು. ಘಟ್ಟದ ಕೆಳಗಿನ ಮಳೆ ಮತ್ತು ಜಂಬಿಟ್ಟಿಗೆಯ ನೆಲದಲ್ಲಿ ಮೂಳೆ ಸವೆಯುವಷ್ಟು ಬೇಗ ನಮ್ಮ ಬಯಲಿನಲ್ಲಿ ಸವೆಯುವುದಿಲ್ಲ.

ಶಿರಾಡಿಯಾಚೆ ನಡೆದದ್ದು

ಹಾಸನದಿಂದ ಶಿರಾಡಿ ಘಾಟಿ ಇಳಿದರೆ ಸಿಗುವ ಧರ್ಮಸ್ಥಳದಲ್ಲಿ 2025ರಲ್ಲಿ ನಡೆದ ಅಗೆತವನ್ನು ಇಡೀ ಕರ್ನಾಟಕ ನೋಡಿತು. 1995ರಿಂದ 2014ರ ನಡುವೆ ಹಲವು ಶವಗಳನ್ನು ಹೂತಿದ್ದೆನೆಂದು ಮಾಜಿ ನೈರ್ಮಲ್ಯ ಕಾರ್ಮಿಕರೊಬ್ಬರು ಜುಲೈನಲ್ಲಿ ದೂರು ಕೊಟ್ಟರು. ಜುಲೈ 19ರಂದು ಸರ್ಕಾರ ಪ್ರಣವ್ ಮೊಹಾಂತಿ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ರಚಿಸಿತು. ಜುಲೈ 29ರಿಂದ ದೂರುದಾರರು ತೋರಿಸಿದ ಜಾಗಗಳಲ್ಲಿ ಅಗೆತ ನಡೆಯಿತು. ಆಗ ಮಳೆಗಾಲ, ನೇತ್ರಾವತಿಯ ದಡದ ಗುಂಡಿಯಲ್ಲಿ ನೀರು ಜಿನುಗುತ್ತಿತ್ತು. ಆರನೇ ಜಾಗದಲ್ಲಿ ಜುಲೈ 31ರಂದು ಮೂಳೆಗಳು ಸಿಕ್ಕವು. ಆಗಸ್ಟ್ 4ರಂದು ಹನ್ನೊಂದನೇ ಜಾಗದಿಂದ ಆಚೆ, ಗುಡ್ಡದ ಮೇಲೆ ಇನ್ನಷ್ಟು ಕಂಡವು. ಹದಿಮೂರನೇ ಜಾಗದ ಮೇಲೆ ಆಗಸ್ಟ್ 12ರಂದು ಡ್ರೋನಿಗೆ ಕಟ್ಟಿದ ರೇಡಾರ್ ಹಾರಿಸಿದರು. ಅಲ್ಲಿ ಅಗೆದಾಗ ಏನೂ ಸಿಗಲಿಲ್ಲ. ಆಗಸ್ಟ್ 18ರಂದು ಗೃಹ ಸಚಿವ ಜಿ. ಪರಮೇಶ್ವರ ಅವರು ವಿಧಾನಸಭೆಯಲ್ಲಿ ಪ್ರಯೋಗಾಲಯದ ವರದಿ ಬರುವವರೆಗೆ ಅಗೆತಕ್ಕೆ ವಿರಾಮ ಎಂದರು. ಆಗಸ್ಟ್ 23ರಂದು ತಂಡವು ದೂರುದಾರರನ್ನೇ ಸುಳ್ಳು ಸಾಕ್ಷ್ಯದ ಆರೋಪದಲ್ಲಿ ಬಂಧಿಸಿತು. ಸೆಪ್ಟೆಂಬರಿನಲ್ಲಿ ಬಂಗ್ಲೆಗುಡ್ಡೆ ಕಾಡಿನಲ್ಲಿ ಮತ್ತೆ ತಲೆಬುರುಡೆ, ಮೂಳೆಗಳು ಸಿಕ್ಕವು.

ಯಾರದು ಸರಿ, ಯಾರದು ತಪ್ಪು ಎಂಬ ಜಗಳಕ್ಕೆ ಇಲ್ಲಿ ಕೈಹಾಕುವುದಿಲ್ಲ, ಅದನ್ನು ಹೇಳಬೇಕಾದದ್ದು ನ್ಯಾಯಾಲಯ. ಹುಡುಕಾಟದ ದೃಷ್ಟಿಯಿಂದ ನನಗೆ ಕಂಡದ್ದು ಬೇರೆ. ಹದಿನೇಳು ಕಡೆ ಗುಂಡಿ ತೋಡಿದ್ದಕ್ಕಿಂತ ಕಾಡಿನಲ್ಲಿ ಕಣ್ಣುಬಿಟ್ಟು ನಡೆದದ್ದರಿಂದ ಸಿಕ್ಕಿದ್ದು ಹೆಚ್ಚು. ದೂರುದಾರರ ನೆನಪಿನ ಮೇಲೆ ನೇರ ಹಾರೆ ಹಾಕುವ ಮೊದಲು ಮೇಲ್ಮೈ ಶೋಧ, ಸಲಾಕೆ, ನಾಯಿ, ಒಣ ಕಾಲ ಇವಕ್ಕೆ ಸಮಯ ಕೊಟ್ಟಿದ್ದರೆ ಅಷ್ಟು ಮಣ್ಣು ಎತ್ತಬೇಕಿತ್ತೇ ಎಂಬ ಪ್ರಶ್ನೆ ಉಳಿದೇ ಇದೆ. ಇಪ್ಪತ್ತು ಮಳೆಗಾಲದಲ್ಲಿ ಗುಡ್ಡದ ಆಕಾರ ಬದಲಾಗುತ್ತದೆ, ಮರ ಬೀಳುತ್ತದೆ, ರಸ್ತೆ ಬರುತ್ತದೆ. ಜಾಗದ ವಿಷಯದಲ್ಲಿ ಮನುಷ್ಯನ ನೆನಪು ಎಷ್ಟು ಎಡವುತ್ತದೆಂದು ಇಂಗ್ಲೆಂಡಿನ ಸ್ಯಾಡಲ್‌ವರ್ತ್ ಬಯಲು ತೋರಿಸಿದೆ. 1960ರ ದಶಕದಲ್ಲಿ ಅಲ್ಲಿ ಮಕ್ಕಳನ್ನು ಹೂತ ಕೊಲೆಗಾರರನ್ನೇ ದಶಕಗಳ ನಂತರ ಬಯಲಿಗೆ ಕರೆತಂದರೂ ಒಬ್ಬ ಹುಡುಗನ ದೇಹ ಇವತ್ತಿಗೂ ಸಿಕ್ಕಿಲ್ಲ.

ನೆನಪು ಸರಿಯಾಗಿದ್ದಾಗ ಕೆಲಸ ಹೇಗೆ ಆಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರಾ 1991ರ ಮೇ ತಿಂಗಳಲ್ಲಿ ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯಿಂದ ಕಾಣೆಯಾದರು. ಮಗಳು ಬಿಡದೆ ದೂರು ಹಿಡಿದು ಅಲೆದರು. 1994ರ ಮಾರ್ಚಿನಲ್ಲಿ ಎರಡನೇ ಗಂಡ ಸ್ವಾಮಿ ಶ್ರದ್ಧಾನಂದ ಬಾಯಿಬಿಟ್ಟು ಮನೆಯ ಅಂಗಳದಲ್ಲಿ ಜಾಗ ತೋರಿಸಿದ. ಚಪ್ಪಡಿ ಎತ್ತಿ ಅಗೆದರೆ ಮರದ ಪೆಟ್ಟಿಗೆ, ಒಳಗೆ ಅಸ್ಥಿಪಂಜರ. ಅಧಿಕಾರಿಗಳು, ವೈದ್ಯರು, ಪಂಚರ ಎದುರು ನಡೆದ ಆ ಅಗೆತವನ್ನು ವೀಡಿಯೊ ಮಾಡಿದ್ದರು. ಆ ಕಾಲಕ್ಕೆ ಅದು ಅಪರೂಪ. ಗುರುತು ನಿಶ್ಚಯಿಸಿದ್ದು ಬುರುಡೆ ಮತ್ತು ಫೋಟೊದ ಹೋಲಿಕೆ, ಡಿಎನ್‌ಎ ಪರೀಕ್ಷೆ, ಜೊತೆಗೆ ತಾಯಿ ಗುರುತಿಸಿದ ಒಡವೆ. 2008ರ ಜುಲೈನಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಯನ್ನು ಬದಲಿಸಿ, ಬದುಕಿರುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ವಿಧಿಸಿತು. ಮೂರು ವರ್ಷ ಜನ ಓಡಾಡುತ್ತಿದ್ದ ಅಂಗಳವದು. ಚಪ್ಪಡಿಯ ಮೇಲೆ ಹುಲ್ಲೂ ಇಲ್ಲ, ತಗ್ಗೂ ಇಲ್ಲ, ಹಾಗಾಗಿ ಅಲ್ಲಿ ನೆಲ ಓದುವವರಿಗೂ ಏನೂ ಸಿಗುತ್ತಿರಲಿಲ್ಲ.

ಆರೋಪಿ ಜಾಗ ತೋರಿಸಿದ ಎನ್ನುವುದು ಸಾಕ್ಷ್ಯವಾಗಬೇಕಾದರೆ ಅವನ ಹೇಳಿಕೆ ಮೊದಲು ಬರಹಕ್ಕೆ ಇಳಿಯಬೇಕು, ಆಮೇಲೆ ಗುದ್ದಲಿ. ಸಾಕ್ಷ್ಯ ಅಧಿನಿಯಮದ 23ನೇ ಕಲಮು, ಹಳೆಯ ಕಾನೂನಿನ 27, ಇದಕ್ಕೇ ಇರುವುದು. ನೊಯ್ಡಾದ ನಿಠಾರಿಯಲ್ಲಿ 2006ರಲ್ಲಿ ಚರಂಡಿಯಿಂದ ಮಕ್ಕಳ ಮೂಳೆಗಳು ಬಂದ ಪ್ರಕರಣ ಕೋರ್ಟಿನಲ್ಲಿ ಬಿದ್ದದ್ದಕ್ಕೆ ಈ ದಾಖಲೆಯ ದೌರ್ಬಲ್ಯವೂ ಒಂದು ಕಾರಣ. ಎಲ್ಲರಿಗೂ ಹೋಗಲು ಬರುವ ಜಾಗದಿಂದ, ಸರಿಯಾಗಿ ದಾಖಲಾಗದ ಹೇಳಿಕೆಯ ಮೇಲೆ ಸಿಕ್ಕ ಮೂಳೆ ಆರೋಪಿಗೆ ಕೊಂಡಿಯಾಗಲಿಲ್ಲ.

ಕೊನೆಗೆ ಕರಣೆ

ಹೂತ ದೇಹ ಹೊರತೆಗೆಯಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಸುರಕ್ಷಾ ಸಂಹಿತೆಯ 196ನೇ ಕಲಮು ಆ ಅಧಿಕಾರ ಕೊಡುತ್ತದೆ. ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಇಲ್ಲವೇ ತಹಶೀಲ್ದಾರರು ಸ್ಥಳದಲ್ಲಿ ನಿಲ್ಲುತ್ತಾರೆ. ನಮ್ಮ ಜಿಲ್ಲೆಯಲ್ಲಿ ಉಪವಿಭಾಗಗಳು ಎರಡು, ಹಾಸನ ಮತ್ತು ಸಕಲೇಶಪುರ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು 176ನೇ ಕಲಮು ಹೇಳುತ್ತದೆ. ನಿಮ್ಮ ಜಮೀನಿನಲ್ಲಿ ಅಗೆಯುತ್ತಿದ್ದರೆ ಆದೇಶದ ಪ್ರತಿ ಕೇಳಿ, ಪಂಚನಾಮೆಗೆ ಓದದೆ ಸಹಿ ಹಾಕಬೇಡಿ.

ಸರಿಯಾದ ಅಗೆತ ನೋಡಲು ಬೇಸರ ತರಿಸುವಷ್ಟು ನಿಧಾನ. ದಾರ ಕಟ್ಟಿ ಚೌಕ ಮಾಡುತ್ತಾರೆ. ಮೇಲ್ಮಣ್ಣನ್ನು ತೆಳುವಾಗಿ ಕೆರೆದಾಗ ಗುಂಡಿಯ ಅಂಚು ಬೇರೆ ಬಣ್ಣದ ಗೆರೆಯಾಗಿ ಮೂಡುತ್ತದೆ. ಆ ಗೆರೆಯ ಒಳಗಷ್ಟೇ ಇಳಿಯಬೇಕು. ಗೋಡೆಯ ಮೇಲೆ ಹಾರೆಯದೋ ಸನಿಕೆಯದೋ ಏಟಿನ ಗುರುತು ಉಳಿದಿರುತ್ತದೆ, ಅದೂ ಸಾಕ್ಷ್ಯ. ಆಮೇಲೆ ಗಾರೆಯವರು ಬಳಸುವ ಕರಣೆ, ಬಿದಿರಿನ ಕಡ್ಡಿ, ಬಣ್ಣದ ಬ್ರಷ್ಷು. ತೆಗೆದ ಪ್ರತಿ ಬಾಂಡ್ಲಿ ಮಣ್ಣನ್ನೂ ಜರಡಿ ಹಿಡಿಯುತ್ತಾರೆ. ಮೂಳೆಗಳನ್ನು ಒಂದೊಂದೇ ಕೀಳದೆ ಪೂರ್ತಿ ಬಿಡಿಸಿ, ಇದ್ದ ಹಾಗೇ ಫೋಟೊ ತೆಗೆದು, ನಕ್ಷೆ ಬರೆದು, ನಂತರ ಎತ್ತಿ ಕಾಗದದ ಚೀಲಕ್ಕೆ ಹಾಕುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಬೂಸ್ಟು ಬರುತ್ತದೆ. ದೇಹದ ಅಡಿಯ ಮಣ್ಣು, ಹುಳುಗಳ ಖಾಲಿ ಗೂಡು, ಗುಂಡಿಯ ಮೇಲೆ ಹಾಯ್ದ ಬೇರು ಕೂಡ ಸಂಗ್ರಹವಾಗಬೇಕು. ಆ ಬೇರನ್ನು ಕತ್ತರಿಸಿ ವರ್ಷದ ಉಂಗುರ ಎಣಿಸಲು ಬಂದರೆ ಹೂತದ್ದು ಕನಿಷ್ಠ ಎಷ್ಟು ವರ್ಷ ಹಳೆಯದೆಂದು ಗೊತ್ತಾಗುತ್ತದೆ.

ಇದೆಲ್ಲ ಅತಿಯಾಯಿತು ಅನ್ನಿಸಿದರೆ ಅರ್ಜೆಂಟೀನಾ ನೆನಪಿಸಿಕೊಳ್ಳಿ. ಸೇನಾಡಳಿತ ಮುಗಿದ ಹೊಸತರಲ್ಲಿ ಅಲ್ಲಿ ಬುಲ್ಡೋಜರ್ ಹಾಕಿ ಗೋರಿ ಅಗೆದರು, ಸಾವಿರಾರು ಕುಟುಂಬಗಳು ಹುಡುಕುತ್ತಿದ್ದ ಮೂಳೆಗಳು ಒಂದಕ್ಕೊಂದು ಬೆರೆತುಹೋದವು. 1984ರಲ್ಲಿ ಕ್ಲೈಡ್ ಸ್ನೋ ಎಂಬ ಮಾನವಶಾಸ್ತ್ರಜ್ಞ ಬಂದು ವಿದ್ಯಾರ್ಥಿಗಳ ಕೈಗೆ ಕರಣೆ ಕೊಟ್ಟ ಮೇಲೆ ಒಬ್ಬೊಬ್ಬರಾಗಿ ಹೆಸರು ಸಿಗತೊಡಗಿತು. ಪಂಜಾಬಿನ ಅಜ್ನಾಲದಲ್ಲಿ 1857ರ ಸಿಪಾಯಿಗಳನ್ನು ಹಾಕಿ ಮುಚ್ಚಿದ್ದ ಬಾವಿಯನ್ನು 2014ರಲ್ಲಿ ಊರವರೇ ಭಕ್ತಿಯಿಂದ ಅಗೆದರು. ಮೂಳೆಗಳು ಪುಡಿಪುಡಿಯಾದವು. ಕೊನೆಗೆ ವಿಜ್ಞಾನಿಗಳ ಕೈಹಿಡಿದದ್ದು ಹಲ್ಲುಗಳು. ಆ ಸಿಪಾಯಿಗಳು ಗಂಗಾ ಬಯಲಿನವರು ಎಂದು 2022ರಲ್ಲಿ ಹೇಳಲು ಸಾಧ್ಯವಾದದ್ದು ಅವುಗಳಿಂದ.

ಮನೆಯವರು ಕಾಣೆಯಾಗಿದ್ದರೆ

ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮ ಎಲ್ಲೂ ಇಲ್ಲ. ಫೋಟೊ ಕೊಡುವಾಗ ನಗುತ್ತಿರುವುದನ್ನು ಕೊಡಿ, ಹಲ್ಲಿನ ಸಾಲು ಕಾಣಬೇಕು. ಹಲ್ಲಿನ ಡಾಕ್ಟರ ಚೀಟಿ, ಹಳೆಯ ಎಕ್ಸ್‌ರೇ, ಕಾಲಿಗೆ ರಾಡ್ ಹಾಕಿಸಿದ್ದರೆ ಆಸ್ಪತ್ರೆಯ ಕಾಗದ ಇವನ್ನು ಒಂದು ಕಡೆ ಇಡಿ. ಎಷ್ಟೋ ರಾಡು, ಪ್ಲೇಟುಗಳ ಮೇಲೆ ತಯಾರಕರ ಸಂಖ್ಯೆ ಇರುತ್ತದೆ, ಮಣ್ಣಿನಲ್ಲಿ ಅದು ಅಳಿಯುವುದಿಲ್ಲ. ಬಳಸಿದ ಹಲ್ಲುಜ್ಜುವ ಬ್ರಷ್, ಬಾಚಣಿಗೆಯನ್ನು ತೊಳೆಯದೆ ಕಾಗದದಲ್ಲಿ ಸುತ್ತಿಡಿ. ಡಿಎನ್‌ಎ ಹೋಲಿಕೆಗೆ ತಂದೆ, ತಾಯಿ, ಮಕ್ಕಳ ರಕ್ತ ಎಲ್ಲಕ್ಕಿಂತ ಒಳ್ಳೆಯದು. ಮೂಳೆ ತೀರ ಹಳೆಯದಾಗಿದ್ದರೆ ಎಷ್ಟೋ ಸಲ ತಾಯಿಯ ಕಡೆಯ ಬಳ್ಳಿಯಲ್ಲಿ ಬರುವ ಡಿಎನ್‌ಎ ಮಾತ್ರ ಉಳಿದಿರುತ್ತದೆ. ಆಗ ಅಕ್ಕ ತಂಗಿ, ಚಿಕ್ಕಮ್ಮ ದೊಡ್ಡಮ್ಮ, ಸೋದರಮಾವ ಇವರ ಮಾದರಿ ನಡೆಯುತ್ತದೆ. ತಾಯಿಗೆ ವಯಸ್ಸಾಗಿದ್ದರೆ ಅವರ ಮಾದರಿಯನ್ನು ಈಗಲೇ ತೆಗೆದಿಡಿ ಎಂದು ತನಿಖಾಧಿಕಾರಿಗೆ ಬರಹದಲ್ಲಿ ಕೊಡಿ, ಹಿಂಬರಹ ಪಡೆಯಿರಿ.

ಇನ್ನು ಆ ಪಾಯದ ಮೂಳೆಯ ಕಥೆ. ಪೊಲೀಸರು ಚೀಲವನ್ನು ಆಸ್ಪತ್ರೆಗೆ ಕಳಿಸಿದರು. ಮನುಷ್ಯನದೇ, ತುಂಬ ಹಳೆಯದು, ವಯಸ್ಸಾದ ಗಂಡಸು ಎಂದು ಬಂತು. ಮುಂದೇನು ಎಂದು ಯೋಚಿಸುತ್ತಿದ್ದಾಗ ಪಕ್ಕದ ಬೀದಿಯ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದರು. "ಅಯ್ಯೋ ಅದು ನಮ್ಮತ್ತೆಯ ಮಾವನ ಗುಡ್ಡೆ ಕಣ್ರಪ್ಪಾ, ಇಲ್ಲೊಂದು ಹುಣಸೆಮರ ಇತ್ತು, ಅದರ ಬುಡದಲ್ಲಿ ಹಾಲುತುಪ್ಪ ಬಿಡ್ತಿದ್ವಿ, ಮರ ಕಡಿದ ಮೇಲೆ ಯಾರು ಕೇಳ್ತಾರೆ" ಅಂದರು. ಮೊದಲ ದಿನವೇ ಯಾಕೆ ಹೇಳಲಿಲ್ಲ ಅಜ್ಜಿ ಅಂದರೆ, "ನನ್ನ ಯಾರು ಕೇಳಿದ್ರು?" ಸೈಟಿನವರು ಪಾಯವನ್ನು ನಾಲ್ಕಡಿ ಪೂರ್ವಕ್ಕೆ ಸರಿಸಿದರು. ಜೆಸಿಬಿ ಡ್ರೈವರ್ ಮಾತ್ರ ಆಮೇಲೆ ಆ ಸೈಟಿಗೆ ಬರಲಿಲ್ಲ, ಉಳಿದದ್ದನ್ನು ಆಳು ಇಟ್ಟು ಗುದ್ದಲಿಯಲ್ಲೇ ತೆಗೆಸಿದರು.